ಬೆಂಚಿನಿಂದ ಏಳಲು ಒಂದಿಷ್ಟು ಜಾಗ ಕೊಡಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ, ಅದರಡಿಯ ಐದು ನಗರಪಾಲಿಕೆಗಳ ತೋಟಗಾರಿಕೆ ವಿಭಾಗಗಳಿಗೆ, ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳಿಗೆ, ಮತ್ತು ಪಾರ್ಕಿನ ಬೆಂಚಿನ ಮೇಲೆ ಕುಳಿತು ಮಗುವಿನ ಚಪ್ಪಲಿ ಕಾಯುತ್ತಿರುವ ಅಪ್ಪ ಅಮ್ಮಂದಿರಿಗೆ,

ವಿಷಯ: ಪಾರ್ಕುಗಳ ಮಕ್ಕಳ ಅಂಗಳದಲ್ಲಿ ಹೆತ್ತವರಿಗೂ ಆಡಲು ಅವಕಾಶ ಕೋರಿ

ಮಾನ್ಯರೇ,

ಸಂಜೆ ಆರೂವರೆಗೆ ಬಡಾವಣೆಯ ಪಾರ್ಕೊಂದಕ್ಕೆ ಹೋಗಿ ನೋಡಿ. ಜಾರುಬಂಡೆಯ ಮೇಲೆ ಮಕ್ಕಳು, ಸಿಮೆಂಟಿನ ಬೆಂಚಿನ ಮೇಲೆ ಹೆತ್ತವರು, ಅವರ ಕೈಯಲ್ಲಿ ಫೋನು. ಸುತ್ತಲಿನ ದಾರಿಯಲ್ಲಿ ಶುಗರ್ ಇಳಿಸಿಕೊಳ್ಳಲು ವಾಕಿಂಗ್ ಮಾಡುವವರ ಸಾಲು. ಮಗು ಬಂದು ಕೈ ಹಿಡಿದು ಎಳೆದರೆ ಅಪ್ಪ ಬೋರ್ಡಿನ ಕಡೆ ಬೆರಳು ತೋರಿಸುತ್ತಾನೆ: ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಇಲ್ಲಿ ಆಡಲು ಅವಕಾಶವಿಲ್ಲ. ಉಯ್ಯಾಲೆಯ ಸರಪಳಿ ಉಳಿಯಲಿ ಎಂದು ಬರೆಸಿದ ಬೋರ್ಡು ಅದು. ಆ ಉದ್ದೇಶ ಸರಿಯೇ. ಆದರೆ ಸರಪಳಿಯ ಜೊತೆಗೆ ಅದು ದೊಡ್ಡವರ ಕಾಲನ್ನೂ ಕಟ್ಟಿಹಾಕಿದೆ.

ಮಕ್ಕಳ ವೈದ್ಯಕೀಯ, ಫಿಸಿಯೋಥೆರಪಿ ಮತ್ತು ಆಟದ ಅಂಗಳಗಳ ವಿನ್ಯಾಸದಲ್ಲಿ ಕೆಲಸ ಮಾಡುವ ನಾವು ಕೇಳುವುದು ಇಷ್ಟೇ. ಮಕ್ಕಳ ಸಲಕರಣೆ ಮಕ್ಕಳಿಗೇ ಇರಲಿ, ಅದರ ಪಕ್ಕದ ನೆಲ ಹೆತ್ತವರಿಗೂ ಸಿಗಲಿ. ಮಕ್ಕಳೊಂದಿಗೆ ಆಡುವುದನ್ನು ಮಗುವಿನ ಬೆಳವಣಿಗೆಗಾಗಿ ನಾವು ಮಾಡುವ ಉಪಕಾರವೆಂದೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಆಡುವ ದೊಡ್ಡವರ ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸು ಆ ಲೆಕ್ಕಕ್ಕೆ ಬರುವುದೇ ಇಲ್ಲ.

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ 57, ಗಂಡಸರಲ್ಲಿ ಶೇ 42. ಬೇಕಾದಷ್ಟು ಎಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ತೀವ್ರ ಬಿರುಸಿನದು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಒಂದೇ ಬಾರಿಗೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನು ಆ ಮಾರ್ಗಸೂಚಿ ಕೈಬಿಟ್ಟಿತು. ಚಿಕ್ಕ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಮಕ್ಕಳ ಆಟ ಎಂದೂ ಒಂದೇ ಓಟದಲ್ಲಿ ಸಾಗುವುದಿಲ್ಲ. ಎರಡು ನಿಮಿಷ ಓಟ, ಒಂದು ನಿಮಿಷ ಜಗಳ, ನೀರು ಕುಡಿದು ಮತ್ತೆ ಮೂರು ನಿಮಿಷ ಓಟ. ಓಡಿದ ನಿಮಿಷವೆಲ್ಲ ಲೆಕ್ಕಕ್ಕೆ ಸೇರುತ್ತದೆ.

ಚಟುವಟಿಕೆಯ ಬಿರುಸನ್ನು ಅಳೆಯಲು ಮೆಟ್ ಎಂಬ ಮಾನ ಬಳಸುತ್ತಾರೆ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಮೂರು ದಾಟಿದರೆ ಸಾಧಾರಣ ಬಿರುಸು, ಆರು ಮುಟ್ಟಿದರೆ ತೀವ್ರ. ಮಕ್ಕಳೊಂದಿಗೆ ಕುಳಿತು ಆಡಿದರೆ ಸುಮಾರು 2.2, ನಿಂತು ಆಡಿದರೆ 2.8, ನಡೆಯುತ್ತ ಓಡುತ್ತ ಆಡಿದರೆ 3.5, ಜೋರಾಗಿ ಅಟ್ಟಿಸಿಕೊಂಡು ಹೋಗಿ ಆಡಿದರೆ 5.8. ಕುಂಟೆಬಿಲ್ಲೆಯಂಥ ಆಟವನ್ನು ದೊಡ್ಡವರು ಆಡಿದರೂ ಅದೇ 5.8. ಬಿರುಸಾದ ವಾಕಿಂಗ್ ನಾಲ್ಕೂ ಚಿಲ್ಲರೆ. ಅಂದರೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಪಾರ್ಕು ಸುತ್ತುವವರಿಗಿಂತ, ಅದೇ ಮಗುವಿನ ಜೊತೆ ಜೂಟಾಟಕ್ಕೆ ಇಳಿದವರ ಹೃದಯ ಹೆಚ್ಚು ದುಡಿಯುತ್ತದೆ. ಮೆಟ್ ಅನ್ನು ತೂಕದಿಂದಲೂ ಗಂಟೆಯಿಂದಲೂ ಗುಣಿಸಿದರೆ ಖರ್ಚಾದ ಕ್ಯಾಲೊರಿ ಸರಿಸುಮಾರಾಗಿ ಸಿಗುತ್ತದೆ. 60 ಕೆ.ಜಿ. ತೂಕದವರು ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತರೆ 30ರ ಆಸುಪಾಸು, ಜೋರಾಗಿ ಆಡಿದರೆ 174. ಇದರಿಂದ ಹೊಟ್ಟೆ ಕರಗಿಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ಒಂದು ಮಸಾಲೆ ದೋಸೆಯ ಮುಂದೆ 174 ಕ್ಯಾಲೊರಿ ನಿಲ್ಲುವುದಿಲ್ಲ. ಕೆಲಸ ನಡೆಯುವುದು ಬೇರೆ ಕಡೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಆಮೇಲಿನ ಹಲವು ಗಂಟೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿತು. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಅದಕ್ಕಿಂತ ಹೆಚ್ಚು. ಮಗುವಿಗೆ ಐದು ವರ್ಷವಾಗಿ ತನಗೆ ಮೂವತ್ತೆಂಟಾಗಿರುವ ಬೆಂಗಳೂರಿನ ಅಪ್ಪ ಆ ಹೊಸ್ತಿಲ ಹತ್ತಿರವೇ ಇರುತ್ತಾನೆ.

ಮೆಟ್ ಎಣಿಸುವುದು ಕಷ್ಟ ಎನ್ನುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಆಡುವಾಗ ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂದಾದರೆ ಸಾಧಾರಣ ಬಿರುಸು. ನಾಲ್ಕು ಪದ ಹೇಳುವಷ್ಟರಲ್ಲಿ ಉಸಿರು ಸೆಳೆಯಬೇಕಾದರೆ ತೀವ್ರ. ವಾರದ ನಾಲ್ಕು ಸಂಜೆ 25 ನಿಮಿಷ, ಭಾನುವಾರ ಬೆಳಗ್ಗೆ 50 ನಿಮಿಷ ಆಡಿದರೆ 150 ಭರ್ತಿ. ಸ್ನಾಯುಬಲದ ಎರಡು ದಿನಕ್ಕೂ ಜಿಮ್ ಬೇಕಾಗಿಲ್ಲ. ಕಪ್ಪೆಯಂತೆ ಕುಕ್ಕರಗಾಲಲ್ಲಿ ಕೂತು ಏಳುವ ಆಟ, ಕರಡಿಯಂತೆ ಅಂಗೈ ಪಾದ ಊರಿ ನಡೆಯುವ ಆಟ, ಬೆನ್ನ ಮೇಲೆ ಕೂಸುಮರಿ ಹೊತ್ತು ಹತ್ತು ಹೆಜ್ಜೆ. ಒಂದೊಂದನ್ನೂ ಎಂಟು ಹತ್ತು ಸಲ, ನಡುವೆ ಬಿಡುವು ಕೊಟ್ಟು ಮೂರು ಸುತ್ತು ಮಾಡಿದರೆ ಮರುದಿನ ತೊಡೆ ತಾನಾಗಿ ಸಾಕ್ಷಿ ಹೇಳುತ್ತದೆ. ಮಗು ಪ್ರತಿ ವರ್ಷ ಎರಡು ಕೆ.ಜಿ.ಯಷ್ಟು ತೂಕ ಏರಿಸಿಕೊಳ್ಳುವುದರಿಂದ ಭಾರವೂ ತಾನಾಗಿ ಹೆಚ್ಚುತ್ತದೆ. ಜಿಮ್ಮಿನಲ್ಲಿ ಇದಕ್ಕೆ ದುಡ್ಡು ಕೊಡಬೇಕು.

ಮನಸ್ಸಿನ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು, ಏಕೆಂದರೆ ಇಲ್ಲಿ ಉತ್ಪ್ರೇಕ್ಷೆ ಬಹಳ. ಇಸ್ರೇಲಿನಲ್ಲಿ ರೂತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆತ್ತವರು ತಮ್ಮ ಕೂಸಿನೊಂದಿಗೆ ಸ್ವಲ್ಪ ಹೊತ್ತು ಆಡುವ ಮೊದಲೂ ಆಮೇಲೂ ಅವರಲ್ಲಿ ಬಾಂಧವ್ಯಕ್ಕೆ ನೆರವಾಗುವ ಆಕ್ಸಿಟೋಸಿನ್ ಹಾರ್ಮೋನನ್ನು ಅಳೆದರು. ಮುದ್ದಿಸಿ ಸವರಿ ಆಡಿಸಿದ ತಾಯಂದಿರಲ್ಲಿ ಅದು ಏರಿತು. ತಂದೆಯರಲ್ಲಿ ಏರಿದ್ದು ಕೂಸಿನ ಕೈಕಾಲು ಆಡಿಸಿ, ವಸ್ತು ತೋರಿಸಿ ಹುರುಪಿನಿಂದ ಆಡಿಸಿದವರಿಗೆ. ಅಮ್ಮನ ಆಟ, ಅಪ್ಪನ ಆಟ ಒಂದೇ ಥರ ಇರಬೇಕಾಗಿಲ್ಲ ಎಂಬುದಕ್ಕೆ ಇದೊಂದು ಸುಳಿವು. ಜಮೈಕಾದಲ್ಲಿ ಅಪೌಷ್ಟಿಕತೆಯ ಮಕ್ಕಳಿದ್ದ ಮನೆಗಳಿಗೆ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಅರ್ಧ ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನು ತಾಯಿಗೆ ತೋರಿಸಿಕೊಟ್ಟರು. ಆ ತಾಯಂದಿರ ಖಿನ್ನತೆಯ ಲಕ್ಷಣಗಳು ಕಡಿಮೆಯಾದವೆಂದು 2005ರಲ್ಲಿ ವರದಿಯಾಯಿತು. ಕಾರ್ಯಕ್ರಮ ಹಾಕಿಕೊಂಡದ್ದು ಮಕ್ಕಳಿಗಾಗಿ, ಫಲ ತಾಯಂದಿರಿಗೂ ತಲುಪಿತು. ಇನ್ನು ಆಡುವ ಹೆತ್ತವರು ಹೆಚ್ಚು ನೆಮ್ಮದಿಯಲ್ಲಿದ್ದಾರೆ ಎನ್ನುವ ಸಮೀಕ್ಷೆಗಳಲ್ಲಿ ಒಂದು ತೊಡಕಿದೆ. ನೆಮ್ಮದಿ ಇದ್ದವರೇ ಹೆಚ್ಚು ಆಡುತ್ತಿರಬಹುದಲ್ಲ! ಆದ್ದರಿಂದ ಆಟವನ್ನು ಔಷಧಿಯೆಂದು ಮಾರುವವರನ್ನು ನಂಬಬೇಡಿ. ಹೆರಿಗೆಯಾಗಿ ಎರಡು ವಾರ ಕಳೆದರೂ ಅಳು ನಿಲ್ಲದ, ಮಗುವನ್ನು ಎತ್ತಿಕೊಳ್ಳಲೇ ಮನಸ್ಸಾಗದ ತಾಯಿಗೆ ‘ಮಗುವಿನ ಜೊತೆ ಆಡಮ್ಮಾ, ಸರಿಹೋಗುತ್ತೆ’ ಎಂದು ಹೇಳುವುದು ಕ್ರೌರ್ಯ. ಅವರಿಗೆ ಬೇಕಾದದ್ದು ವೈದ್ಯರು. ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಡಿದರೂ ಹಗುರಾಗದಿರುವುದಕ್ಕೆ ಕಾರಣ ಬಹುಮಟ್ಟಿಗೆ ಆಡುವ ರೀತಿಯಲ್ಲೇ ಇರುತ್ತದೆ. ದೊಡ್ಡವರು ಆಟವನ್ನು ಪಾಠ ಮಾಡಿಬಿಡುತ್ತಾರೆ. ಬ್ಲಾಕ್ ಜೋಡಿಸುವ ಮಗುವಿಗೆ ‘ಇದು ಯಾವ ಬಣ್ಣ? ಎಷ್ಟು ಇದೆ? ಹಾಗಲ್ಲ, ಹೀಗಿಡು’ ಎಂದು ಪರೀಕ್ಷೆ. ಐದೇ ನಿಮಿಷಕ್ಕೆ ಇಬ್ಬರಿಗೂ ಸಾಕಾಗುತ್ತದೆ. ಹಟಮಾರಿ ಮಕ್ಕಳ ಚಿಕಿತ್ಸೆಗೆಂದು 1970ರ ದಶಕದಿಂದ ಬೆಳೆದುಬಂದ ಒಂದು ಕ್ರಮದಲ್ಲಿ ಹೆತ್ತವರಿಗೆ ದಿನಕ್ಕೆ ಐದೇ ನಿಮಿಷದ ಮನೆಗೆಲಸ ಕೊಡುತ್ತಾರೆ. ಆ ಐದು ನಿಮಿಷ ಆಟದ ಯಜಮಾನಿಕೆ ಮಗುವಿನದು. ಅದು ಮಾಡಿದ್ದನ್ನು ನೀವೂ ಮಾಡಬೇಕು, ಅದು ಹೇಳಿದ್ದನ್ನು ತಿರುಗಿ ಹೇಳಬೇಕು, ಕಂಡದ್ದನ್ನು ವೀಕ್ಷಕ ವಿವರಣೆಯಂತೆ ಹೇಳುತ್ತ ಹೋಗಬೇಕು, ಮೆಚ್ಚುವಂಥದ್ದನ್ನು ಹೆಸರಿಟ್ಟು ಮೆಚ್ಚಬೇಕು. ಪ್ರಶ್ನೆ, ಅಪ್ಪಣೆ, ತಪ್ಪು ಹುಡುಕುವುದು ಮೂರೂ ನಿಷಿದ್ಧ. ಕೇಳಲು ಸುಲಭ, ಮಾಡಿ ನೋಡಿದರೆ ಎರಡನೇ ನಿಮಿಷಕ್ಕೆ ಬಾಯಿಗೆ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ನುಂಗಿಕೊಂಡಾಗ ಆಫೀಸಿನ ಲೆಕ್ಕಾಚಾರ ಮಾಡುವ ತಲೆಗೂ ಒಂದಿಷ್ಟು ರಜೆ ಸಿಗುತ್ತದೆ. ಫೋನು ಜೇಬಿನಲ್ಲಿದ್ದರೆ ಸಾಲದು, ಬೇರೆ ಕೋಣೆಯಲ್ಲಿರಬೇಕು. ಒಂದು ಸದ್ದು ಬಂದರೆ ಕೈ ಅತ್ತ ಹೋಗದಿದ್ದರೂ ಮನಸ್ಸು ಹೋಗಿರುತ್ತದೆ, ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮಾತು ಅಪ್ಪಂದಿರಿಗೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಮಂದಿಯ ಆರೈಕೆಯಲ್ಲಿ ತೊಡಗಿದ್ದ ಹೆಂಗಸರು ಅದಕ್ಕೆ ದಿನಕ್ಕೆ 134 ನಿಮಿಷ ಕೊಟ್ಟಿದ್ದರು, ಗಂಡಸರು 76. ಅಡುಗೆ ಕಸ ಮುಸುರೆಯ ಲೆಕ್ಕ ಬೇರೆ, ಅದು ಹೆಂಗಸರಿಗೆ 299 ನಿಮಿಷ, ಗಂಡಸರಿಗೆ 97. ಹೀಗಿರುವಾಗ ಈ ಪತ್ರವನ್ನು ಓದಿ ‘ಇನ್ನು ಮೇಲೆ ನೀನು ಮಗುವಿನ ಜೊತೆ ಓಡು’ ಎಂದು ಹೆಂಡತಿಗೆ ಹೇಳುವವರು ದಯವಿಟ್ಟು ಎರಡನೇ ಸಲ ಓದಿ. ಆಕೆ ಆಡಬೇಕಾದರೆ ಆ ಹೊತ್ತಿಗೆ ಕುಕ್ಕರ್ ಇಡುವವರು ಇನ್ನೊಬ್ಬರು ಇರಬೇಕು.

ಈಗ ಗಾಯದ ಮಾತು. ಇದನ್ನು ಬಿಟ್ಟರೆ ಪತ್ರ ಅಪ್ರಾಮಾಣಿಕವಾಗುತ್ತದೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುಬಂಡೆ ಇಳಿಯಬೇಡಿ. ಪ್ರೀತಿಯಿಂದ ಮಾಡುವ ಈ ಕೆಲಸ ಒಂದೆರಡು ವರ್ಷದ ಮಕ್ಕಳ ಮೊಣಕಾಲ ಕೆಳಗಿನ ಮೂಳೆ ಮುರಿಯುವ ಒಂದು ಮುಖ್ಯ ದಾರಿ. ಮಗು ಒಂಟಿಯಾಗಿ ಜಾರುವಾಗ ಪಾದ ಅಂಚಿಗೆ ಸಿಕ್ಕಿಕೊಂಡರೆ ಅದರ ಹತ್ತು ಕೆ.ಜಿ. ಅಲ್ಲೇ ನಿಲ್ಲುತ್ತದೆ. ತೊಡೆಯ ಮೇಲಿದ್ದರೆ ಹಿಂದಿರುವ ನಿಮ್ಮ ಎಪ್ಪತ್ತು ಕೆ.ಜಿ. ನಿಲ್ಲುವುದಿಲ್ಲ, ಕೆಳಕ್ಕೆ ಸಾಗುತ್ತಲೇ ಇರುತ್ತದೆ, ಸಿಕ್ಕಿಕೊಂಡ ಕಾಲು ತಿರುಚಿಕೊಳ್ಳುತ್ತದೆ. ಮಗು ಒಂಟಿಯಾಗಿ ಜಾರಲಾರದಷ್ಟು ಚಿಕ್ಕದಾದರೆ ಆ ಜಾರುಬಂಡೆ ಅದಕ್ಕಲ್ಲ. ನೀವು ಪಕ್ಕದಲ್ಲಿ ನಿಂತು ಬೆನ್ನಿಗೆ ಕೈ ಕೊಡಬಹುದು.

ಎರಡು ಕೈ ಹಿಡಿದು ಗಿರಗಿರ ತಿರುಗಿಸುವುದೂ ಬೇಡ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈಯ ಮೂಳೆಯ ತಲೆಯನ್ನು ಸುತ್ತಿ ಹಿಡಿದಿರುವ ಪಟ್ಟಿ ಇನ್ನೂ ಸಡಿಲ. ಮಣಿಕಟ್ಟು ಹಿಡಿದು ಎಳೆದರೆ ಮೂಳೆ ಅದರಿಂದ ಜಾರುತ್ತದೆ. ಊತ ಇರುವುದಿಲ್ಲ, ಮಗು ಮಾತ್ರ ಆ ಕೈಯನ್ನು ಎತ್ತುವುದೇ ಇಲ್ಲ. ವೈದ್ಯರು ಕ್ಷಣದಲ್ಲಿ ಕೂರಿಸುತ್ತಾರೆ, ಆದರೆ ನೀವೇ ತಿರುಚಿ ನೋಡಬೇಡಿ. ಕಂಕುಳಡಿ ಕೈಯಿಟ್ಟು ಎದೆಗೂಡನ್ನು ಹಿಡಿದು ತಿರುಗಿಸಿದರೆ ಮಜಾ ಅಷ್ಟೇ ಇರುತ್ತದೆ, ಮೊಣಕೈ ಸುರಕ್ಷಿತ. ಇನ್ನೂ ಕುತ್ತಿಗೆ ಗಟ್ಟಿಯಾಗದ ಕೂಸನ್ನು ಮೇಲಕ್ಕೆ ಎಸೆಯುವುದು, ಅಲುಗಾಡಿಸುವುದು ಯಾವ ಕಾರಣಕ್ಕೂ ಸಲ್ಲದು.

ದೊಡ್ಡವರಿಗೆ ಆಗುವ ಪೆಟ್ಟು ಬೇರೆ ಬಗೆಯದು. ಇಡೀ ದಿನ ಕುರ್ಚಿಯಲ್ಲಿದ್ದು ಸಂಜೆ ಹಠಾತ್ತನೆ ಓಡಿದರೆ ಮೀನಖಂಡ ಹಿಡಿಯುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಹಿಂದಿನಿಂದ ಯಾರೋ ಕಲ್ಲು ಹೊಡೆದಂತೆ ಅನ್ನಿಸಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ ಅದು ಸ್ನಾಯುವೋ ಹಿಮ್ಮಡಿಯ ಮೇಲಿನ ಹುರಿಯೋ ಹರಿದ ಲಕ್ಷಣ. ಅದೇ ದಿನ ತೋರಿಸಿ. ಹೀಗಾಗದಿರಲು ಮೊದಲ ನಾಲ್ಕು ನಿಮಿಷ ನಡಿಗೆ, ತುದಿಗಾಲಲ್ಲಿ ನಿಂತು ಇಳಿಯುವುದು ಹದಿನೈದು ಸಲ, ನಿಧಾನದ ಓಟ, ಆಮೇಲೆ ಜೂಟಾಟ. ಹವಾಯಿ ಚಪ್ಪಲಿಯಲ್ಲಿ ಓಡುವುದಕ್ಕಿಂತ ಮಣ್ಣಿನ ಮೇಲೆ ಬರಿಗಾಲು ವಾಸಿ, ಬೂಟು ಇನ್ನೂ ವಾಸಿ. ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸಿ ಪಕ್ಕಕ್ಕೆ ತಿರುಗುವುದೇ ಬೆನ್ನು ಹಿಡಿಯಲು ಕಾರಣ. ಮಂಡಿ ಮಡಿಸಿ ಕೂತು, ಮಗುವನ್ನು ಎದೆಗೆ ಒತ್ತಿಕೊಂಡು, ಎದ್ದಮೇಲೆ ಪಾದ ಸಮೇತ ತಿರುಗಿ.

ತಾಯಂದಿರು ಓಟ, ಜಿಗಿತಕ್ಕೆ ಹೆರಿಗೆಯಾಗಿ ಕನಿಷ್ಠ ಮೂರು ತಿಂಗಳಾಗುವವರೆಗೆ ಕಾಯುವುದು ಒಳ್ಳೆಯದು. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು ಅಷ್ಟರೊಳಗೆ ಬಲಗೊಂಡಿರುವುದಿಲ್ಲ. ಜಿಗಿದಾಗ ಮೂತ್ರ ಜಿನುಗಿದರೆ, ಕೆಳಗೆ ಏನೋ ಜಗ್ಗಿದಂತಾದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಕಾಣಿ. ಇದು ನಾಚಿಕೆಯ ವಿಷಯವೇ ಅಲ್ಲ. ಅಲ್ಲಿಯವರೆಗೆ ನಡಿಗೆ, ಚಾಪೆಯ ಮೇಲೆ ಕೂಸಿನ ಮುಖಕ್ಕೆ ಮುಖ ಕೊಟ್ಟು ಬೋರಲು ಮಲಗುವ ಆಟ ಸಾಕು. ಇನ್ನೂ ಅಂಬೆಗಾಲಿಡದ ಕೂಸಿಗೂ ಎಚ್ಚರವಿರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿ ಆಡುವುದು ಬೇಕೇ ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿ ಊಟಕ್ಕೆ ಮುಂಚೆ ಜೋರಾಗಿ ಆಡಿದರೆ ಸಕ್ಕರೆ ಕುಸಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಆಟ ಅಲ್ಲಿಗೆ ಬಂದ್, ಬೇಗ ಆಸ್ಪತ್ರೆ. ಮಂಡಿ ನೋವಿನ ಅಜ್ಜ ಅಜ್ಜಿಯರಿಗೆ ಚೌಕಾಬಾರ, ಅಳಗುಳಿಮಣೆ ಇವೆ. ಬೆವರು ಬರುವುದಿಲ್ಲ, ಆದರೂ ನೆಲದಲ್ಲಿ ಕೂತು ಕಾಲು ಜೋಮು ಹಿಡಿಸಿಕೊಳ್ಳದೆ ಮೇಜಿನ ಮೇಲೆ ಆಡುವುದು ಮೇಲು.

ಇನ್ನು ಪಾಲಿಕೆ ಮಾಡಬೇಕಾದ ಕೆಲಸಕ್ಕೆ ಬರೋಣ. ಬೆಂಗಳೂರಿನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ 2024ರಲ್ಲಿ ಆಯಿತು. ಅದು ಒಳ್ಳೆಯ ತೀರ್ಮಾನ, ಏಕೆಂದರೆ ಕೆಲಸ ಮುಗಿಸಿ ಏಳಕ್ಕೆ ಮನೆ ಸೇರುವವರಿಗೆ ಆಡುವ ಹೊತ್ತು ಎಂಟರವರೆಗೆ. ಆದರೆ ಗೇಟು ತೆರೆದಿದ್ದರೆ ಸಾಲದು. ದೀಪದ ಕಂಬ ಸಾಮಾನ್ಯವಾಗಿ ವಾಕಿಂಗ್ ದಾರಿಯಲ್ಲಿರುತ್ತದೆ, ಆಟದ ಅಂಗಳಕ್ಕೆ ಬೀಳುವುದು ಮರದ ನೆರಳು. ಅಂಗಳದ ಎರಡು ಎದುರು ಮೂಲೆಗಳಿಂದ ಬೆಳಕು ಬಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ.

ಬೋರ್ಡಿನ ಒಕ್ಕಣೆ ಬದಲಾಗಲಿ. ‘ಸಲಕರಣೆಗಳು 12 ವರ್ಷದೊಳಗಿನವರಿಗೆ. ಅಂಗಳದಲ್ಲಿ ಹೆತ್ತವರು ಮಕ್ಕಳೊಂದಿಗೆ ಆಡಬಹುದು’ ಎಂದು ಬರೆದರೆ ಮುಗಿಯಿತು. ಒಂದು ಡಬ್ಬ ಬಣ್ಣದ ಖರ್ಚು. ಸಲಕರಣೆಗಳ ಪಕ್ಕದಲ್ಲಿ 30 ಅಡಿಗೆ 40 ಅಡಿಯಷ್ಟು ಬರಿಯ ಮಣ್ಣಿನ ನೆಲ ಬಿಡಿ. ಹುಲ್ಲುಹಾಸು ಬೇಡ, ಗ್ರಾನೈಟ್ ಬೇಡ, ಇಂಟರ್‌ಲಾಕ್ ಟೈಲ್ ಅಂತೂ ಬೇಡವೇ ಬೇಡ. ಲಗೋರಿಗೆ, ಜೂಟಾಟಕ್ಕೆ, ಚಿಕ್ಕ ಮಕ್ಕಳ ಖೋಖೋಗೆ ಅಷ್ಟು ಜಾಗ ಸಾಕು. ಲಗೋರಿಯ ಏಳು ಚಪ್ಪಟೆ ಕಲ್ಲು ಅಲ್ಲೇ ಒಂದು ಗೂಡಿನಲ್ಲಿ ಇರಲಿ, ಚೆಂಡು ಮನೆಯಿಂದ ತರುತ್ತಾರೆ. ‘ಚೆಂಡಾಟ ನಿಷೇಧ’ ಎನ್ನುವ ಕಡೆ ಮೆತ್ತನೆಯ ರಬ್ಬರ್ ಚೆಂಡಿಗಾದರೂ ಅನುಮತಿ ಕೊಟ್ಟು, ಲೆದರ್ ಚೆಂಡನ್ನು ಮಾತ್ರ ತಡೆದರೆ ವಾಕಿಂಗ್ ಮಾಡುವ ಹಿರಿಯರ ತಕರಾರೂ ತಗ್ಗುತ್ತದೆ.

ಕುಂಟೆಬಿಲ್ಲೆಯ ಮನೆಗಳನ್ನು ಬಳಿಯುವುದಾದರೆ ಒಂದೊಂದು ಮನೆ 45 ಸೆಂ.ಮೀ. ಚೌಕವಿರಲಿ. ಮಕ್ಕಳಿಗೆಂದು 30 ಸೆಂ.ಮೀ. ಮಾಡಿದರೆ ದೊಡ್ಡವರ ಪಾದ ಗೆರೆ ತುಳಿಯುತ್ತದೆ, ಎರಡೇ ದಿನಕ್ಕೆ ಅಮ್ಮ ಆಟ ಬಿಡುತ್ತಾಳೆ. ಟೈಲ್ ಮೇಲೆ ಎನಾಮೆಲ್ ಪೇಂಟ್ ಬಳಿದರೆ ಮಳೆಯಲ್ಲಿ ಎಣ್ಣೆ ಸುರಿದಂತೆ ಜಾರುತ್ತದೆ. ಒರಟು ಕಾಂಕ್ರೀಟಿನ ಮೇಲೆ, ಜರಡಿ ಹಿಡಿದ ಸಣ್ಣ ಮರಳು ಬೆರೆಸಿದ ರಸ್ತೆ ಬಣ್ಣವನ್ನೇ ಬಳಸಬೇಕು.

ಸಲಕರಣೆಗಳ ಕೆಳಗಿನ ನೆಲವೇ ಅತಿ ಮುಖ್ಯ. ಯುರೋಪಿನ ಇಎನ್ 1176 ಮಾನದಂಡದ ಪ್ರಕಾರ ಎರಡು ಮೀಟರ್ ಎತ್ತರದಿಂದ ಬೀಳುವ ಸಾಧ್ಯತೆ ಇರುವಲ್ಲಿ 20 ಸೆಂ.ಮೀ. ಮರಳು ಬೇಕು, ಕಾಲಿಗೆ ಸಿಕ್ಕಿ ಚದುರುವುದಕ್ಕೆಂದು ಇನ್ನೂ 10 ಸೆಂ.ಮೀ. ಸೇರಿಸಬೇಕು. ಮರಳಿನ ಕಣ 0.2ರಿಂದ 2 ಮಿ.ಮೀ., ಜೇಡಿಯಾಗಲಿ ಧೂಳಾಗಲಿ ಇರಕೂಡದು. ತೊಳೆಯದ ಎಂ-ಸ್ಯಾಂಡ್ ತಂದು ಸುರಿದರೆ ಅದರ ಧೂಳು ಎರಡು ಮಳೆಗೆ ಗಟ್ಟಿಯಾಗಿ ನೆಲ ಸಿಮೆಂಟಿನಂತಾಗುತ್ತದೆ. ತಿಂಗಳಿಗೊಮ್ಮೆ ಕುಂಟೆ ಎಳೆದು ಸಡಿಲಿಸಬೇಕು, ಜಾರುಬಂಡೆಯ ಬಾಯಿಯಲ್ಲೂ ಉಯ್ಯಾಲೆಯಡಿಯಲ್ಲೂ ಗುಂಡಿ ಬಿದ್ದಲ್ಲಿ ತುಂಬಬೇಕು. ಉಯ್ಯಾಲೆಯ ಮುಂದೆ ಹಿಂದೆ ಒಂದೊಂದು ಕಡೆಗೂ, ಅದು ತೂಗುವ ಕೀಲು ಇರುವ ಎತ್ತರದ ಎರಡರಷ್ಟು ಜಾಗ ಖಾಲಿ ಇರಬೇಕು. ಅಂದರೆ 2.4 ಮೀಟರ್ ಎತ್ತರಕ್ಕೆ ಎರಡೂ ಕಡೆ 4.8 ಮೀಟರ್. ಇಲ್ಲದಿದ್ದರೆ ತಳ್ಳಲು ನಿಂತ ಅಪ್ಪನ ಹಿಂದೆ ಹಾದುಹೋಗುವ ಇನ್ನೊಂದು ಮಗುವಿನ ತಲೆಗೆ ಪೆಟ್ಟು. ಸ್ಟೀಲಿನ ಜಾರುಬಂಡೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದರೆ ಏಪ್ರಿಲ್ ಸಂಜೆ ನಾಲ್ಕಕ್ಕೆ ಅದು ಕಾದ ಕಾವಲಿ. ಉತ್ತರಕ್ಕೆ ತಿರುಗಿಸಿ, ಇಲ್ಲವೇ ಮರದ ನೆರಳಿಗೆ ಸರಿಸಿ. ಹಳೆ ಟೈರುಗಳನ್ನು ತೂಗುಹಾಕಿದಲ್ಲೆಲ್ಲ ಕೆಳಭಾಗಕ್ಕೆ ನಾಲ್ಕು ತೂತು ಕೊರೆಸಿ. ನಿಂತ ಮಳೆನೀರು ಡೆಂಗಿ ಸೊಳ್ಳೆಯ ತೊಟ್ಟಿಲು.

ದೊಡ್ಡವರ ತೂಕ ತಾಳುವ ಒಂದೇ ಒಂದು ಸಲಕರಣೆ ಇಟ್ಟರೂ ಸಾಕು. ನಮ್ಮ ಆಯ್ಕೆ ನೆಲದಿಂದ 30 ಸೆಂ.ಮೀ. ಎತ್ತರದ, ಅಂಗೈ ಅಗಲದ ಒಂದು ಉದ್ದನೆಯ ತೊಲೆ. ಅದರ ಮೇಲೆ ಮಗುವಿನ ಹಿಂದೆ ಸಮತೋಲ ಹಿಡಿದು ನಡೆಯುವ ಅಭ್ಯಾಸ ಬಿಡದವರಿಗೆ ಅರವತ್ತರಲ್ಲಿ ಬಚ್ಚಲುಮನೆಯಲ್ಲಿ ಜಾರಿದರೂ ಸಾವರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹತ್ತಾರು ಪಾರ್ಕುಗಳಲ್ಲಿ ದುಬಾರಿ ಓಪನ್ ಜಿಮ್ ಹಾಕಿದವರಿಗೆ ಒಂದು ತೊಲೆ ದೊಡ್ಡದಲ್ಲ. ಬೆಂಚುಗಳನ್ನು ಕೀಳಬೇಡಿ, ಬಸುರಿಯರಿಗೆ, ಹಿರಿಯರಿಗೆ, ಸುಸ್ತಾದವರಿಗೆ ಅವು ಬೇಕು. ಅಂಗಳದ ಹೊರಗಿನ ಬೇಲಿಯಾಚೆಯಿಂದ ಒಳಗಿನ ಅಂಚಿಗೆ ತನ್ನಿ. ಎದ್ದರೆ ಎರಡೇ ಹೆಜ್ಜೆಗೆ ಆಟದೊಳಗೆ ಇರುವಂತಿದ್ದರೆ ಹೆಚ್ಚು ಜನ ಏಳುತ್ತಾರೆ.

ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ನಾವು ಕೇಳಿದ್ದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಟೆಂಡರೂ ಬೇಡ. ಪ್ರತಿ ವಾರ್ಡಿನಲ್ಲಿ ಒಂದು ಪಾರ್ಕು ಆರಿಸಿ, ಬೋರ್ಡು, ಮಣ್ಣಿನ ನೆಲ, ದೀಪ ಈ ಮೂರನ್ನು ಮೊದಲು ಮಾಡಿ ನೋಡಿ. ಸಂಘಗಳವರು ಸಂಜೆ 7ಕ್ಕೆ ಒಂದು ವಾರ ಅಂಗಳದಲ್ಲಿ ನಿಂತಿರುವ ದೊಡ್ಡವರು ಎಷ್ಟು, ಕುಳಿತವರು ಎಷ್ಟು ಎಂದು ಎಣಿಸಿ ಬರೆದಿಡಲಿ. ಮೂರು ತಿಂಗಳ ಬಳಿಕ ಅದೇ ಹೊತ್ತಿಗೆ ಮತ್ತೊಮ್ಮೆ ಎಣಿಸಲಿ. ಬಣ್ಣದ ಕೆಲಸ ಮಾತ್ರ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಮುಂಗಾರುಪೂರ್ವ ಮಳೆ ಹಿಡಿದರೆ ಒದ್ದೆ ಕಾಂಕ್ರೀಟಿಗೆ ಬಳಿದ ಬಣ್ಣ ಜೂನ್ ಹೊತ್ತಿಗೆ ಚಕ್ಕೆ ಏಳುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟರು ಮತ್ತು ಆಟದ ಅಂಗಳದ ವಿನ್ಯಾಸಕರು
ಬೆಂಗಳೂರು